ಬಟಾಟಿ ಹೋಳು, ಉಪ್ಪುನೀರು ಮತ್ತು ನಮ್ಮೂರಿನ ನೀರಿನ ಘಟಕ

ಇವತ್ತಿನ ಶಬ್ದ, ಒಂಬತ್ತನೇ ಕ್ಲಾಸಿನಾಗ ಬಾಯಿಪಾಠ ಮಾಡಿ ಮರೆತದ್ದು: ಅಭಿಸರಣೆ. ವ್ಯಾಖ್ಯೆ ಆಮೇಲೆ. ಮೊದಲು ಒಂದು ಬಟಾಟಿ ತಗೊಳ್ರಿ.

ಸಿಪ್ಪಿ ತೆಗೆದು ಒಂದೇ ಅಳತೆಯ ಮೂರು ಹೋಳು ಮಾಡ್ರಿ. ಮೂರನೇದನ್ನ ಕುದಿಸಿ ಆರಿಸ್ರಿ. ಎಲ್ಲಾದರ ತೂಕ ಬರಕೊಂಡು, ಒಂದು ಹಸಿ ಹೋಳನ್ನ ಬರೀ ನೀರಿಗೆ, ಇನ್ನೊಂದನ್ನ ಗಟ್ಟಿ ಉಪ್ಪುನೀರಿಗೆ, ಕುದಿಸಿದ್ದನ್ನೂ ಅಂಥದೇ ಉಪ್ಪುನೀರಿಗೆ ಹಾಕ್ರಿ. ಎರಡು-ಮೂರು ತಾಸು ಬಿಟ್ಟು ತೆಗೆದು, ಬಟ್ಟೆಯಿಂದ ಒರೆಸಿ ಮತ್ತೆ ತೂಗ್ರಿ. ಒರೆಸದಿದ್ರ ಮೇಲಿನ ಹನಿನೂ ತೂಕಕ್ಕೆ ಸೇರ್ತದ. ಲೆಕ್ಕ ಶೇಕಡಾದಾಗ ಇರಲಿ: 5 ಗ್ರಾಂ ಹೋಳು 5.5 ಆದ್ರ ಶೇ. 10 ಹೆಚ್ಚಳ. ಇದು ಕಾಮರ್ಸ್ ಓದಿದವನ ಚಟ ಅನ್ಕೋಬ್ಯಾಡ್ರಿ, ಹೋಳುಗಳ ಮೊದಲ ತೂಕ ಒಂದೇ ಇರಂಗಿಲ್ಲ.

ಬರೀ ನೀರಿನ ಹೋಳು ಬಿಗಿಯಾಗಿ ತೂಕ ಏರ್ತದ. ಉಪ್ಪುನೀರಿನದು ಬಾಡಿ ಮೆತ್ತಗಾಗಿ ಬಗ್ಗತದ. ಪಚಡಿಗೆ ಉಪ್ಪು ಹಾಕಿಟ್ರ ಸವತಿಕಾಯಿ ನೀರು ಬಿಡೋದೂ ಇದೇ ಕಾರಣಕ್ಕೆ. ಜೀವಕೋಶದ ಪೊರೆ ನೀರನ್ನ ದಾಟಲು ಬಿಡ್ತದ, ಉಪ್ಪನ್ನ ಸುಲಭಕ್ಕ ಬಿಡಂಗಿಲ್ಲ. ಹಂಗಾಗಿ ನೀರೇ ಉಪ್ಪು ಹೆಚ್ಚಿರೋ ಕಡೆ ಸರೀತದ. ಅದೇ ಅಭಿಸರಣೆ.

ನನಗೆ ಮಹತ್ವದ್ದು ಅನ್ಸೋದು ಕುದಿಸಿದ ಹೋಳು. ಅದು ಹಸಿ ಹೋಳಿನಂಗ ನೀರು ಬಿಡಂಗಿಲ್ಲ. ಕುದಿಸಿದಾಗ ಪೊರೆ ಹಾಳಾಗಿರ್ತದ, ಉಪ್ಪು ಸೀದಾ ಒಳಗ ಹೊಕ್ಕಿರ್ತದ.

ಈಗ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಳ್ಳೋ ನೀರಿನ ಘಟಕಕ್ಕೆ ಬರೋಣ. ಅಲ್ಲಿನ ಆರ್‌ಒ ಅಂದ್ರ ಹಿಮ್ಮುಖ ಅಭಿಸರಣೆ. ಅಲ್ಲೂ ಪೊರೆನೇ, ಆದ್ರ ಪ್ಲಾಸ್ಟಿಕ್ಕಿನ ಜಾತಿದು. ತನ್ನಷ್ಟಕ್ಕೆ ಬಿಟ್ರ ಸಿಹಿನೀರು ಉಪ್ಪಿನ ಕಡೆನೇ ಹೋಗ್ತದ. ಪಂಪು ಒತ್ತಡ ಹಾಕಿ ಉಲ್ಟಾ ದಬ್ಬತದ. ಉಪ್ಪು, ಫ್ಲೋರೈಡ್ ಬಹುಪಾಲು ಹಿಂದೆ ಉಳೀತಾವ.

ಮುಂಡರಗಿ ಭಾಗದ ಬೋರ್‌ವೆಲ್ ನೀರಿನಾಗ ಫ್ಲೋರೈಡ್ ಸಮಸ್ಯೆ ಹಳೇದು. ಕುಡಿಯುವ ನೀರಿನಾಗ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಹೆಚ್ಚಿಗೆ ಕುಡಿದ್ರ ಹಲ್ಲು ಕಲೆ ಬೀಳ್ತಾವ, ಎಲುಬು-ಕೀಲು ಬಿಗೀತಾವ. ನೀರು ಕುದಿಸಿದ್ರೂ ಅದು ಹೋಗಂಗಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಾಗ ಗಟ್ಟಿಯಾಗ್ತದ.

ಘಟಕದ ಪೊರೆ ಹರಿದಿದ್ರ ಅದು ಕುದಿಸಿದ ಬಟಾಟಿ ಇದ್ದಂಗ. ನೀರು ಬರ್ತನೇ ಇರ್ತದ, ಕಣ್ಣಿಗೆ ತಿಳಿಯಾಗೇ ಕಾಣ್ತದ. ಟಿಡಿಎಸ್ ಮೀಟರ್ ಸಂಖ್ಯೆ ಏಕಾಏಕಿ ಏರಿದ್ರ ಪೊರೆ ಮೇಲೆ ಅನುಮಾನ ಪಡಬೇಕು. ಆದ್ರ ಆ ಮೀಟರ್ ಫ್ಲೋರೈಡ್ ಎಷ್ಟೈತಿ ಅಂತ ಬೇರೆ ಮಾಡಿ ಹೇಳಂಗಿಲ್ಲ, ಅದಕ್ಕ ಬೇರೆ ಪರೀಕ್ಷೆನೇ ಬೇಕು. ನಾಳೆ ಕ್ಯಾನ್ ತುಂಬಿಸ್ಕೊಳ್ಳಾಕ ಹೋದಾಗ ಎರಡು ಮಾತು ಕೇಳ್ರಿ: ಪೊರೆ ಯಾವಾಗ ಬದಲಿಸಿದ್ರಿ? ಫ್ಲೋರೈಡ್ ಪರೀಕ್ಷೆ ಕೊನೀಗೆ ಯಾವಾಗ ಆತು?