ಬೆಣ್ಣೆ ಕಡೆದ ಕೈಗೆ ಮತದ ಚೀಟಿ

ಒಕ್ಕಲುತನದ ಪುಟದಲ್ಲಿ ಮತದ ಮಾತೇಕೆ, ಬೀಜ ಗೊಬ್ಬರದ ಮಾತು ಸಾಲದೆ, ಎಂದು ಕೆಲವು ವಾಚಕರು ಕೇಳಬಹುದು. ಕೇಳಲಿ. ಮುಚ್ಚಂಡಿಯೇ ಇರಲಿ, ಜತ್ತ ತಾಲೂಕಿನ ಬೇರೆ ಯಾವ ಊರೇ ಇರಲಿ, ಬೆಳಗಿನ ಹೊತ್ತು ಹೊಲದ ಕಡೆಗೆ ಹೋಗಿ ನೋಡಿದರೆ ಕಸ ತೆಗೆಯುವವರು, ಹುಲ್ಲಿನ ಹೊರೆ ಹೊತ್ತು ಬರುವವರು ಬಹುತೇಕ ಹೆಣ್ಣುಮಕ್ಕಳೇ. ಅದೇ ಹೊಲದ ಸಾತ್‌ಬಾರಾ ಉತಾರ ತೆಗೆಯಿಸಿ ನೋಡಿದರೆ ಹೆಚ್ಚಾಗಿ ಕಾಣುವ ಹೆಸರು ಗಂಡಸಿನದು. ಸಾಲದ ಕಾಗದಕ್ಕೆ ಸಹಿ ಅವನದು. ಗೆಳೆಯನ ಸಾಲಕ್ಕೆ ಜಾಮೀನು ನಿಲ್ಲುವವನೂ ಅವನೇ. ಕಂತು ತಪ್ಪಿ ವಸೂಲಿಯವರು ಬಾಗಿಲಿಗೆ ಬಂದಾಗ ಮಾತ್ರ ಹೊರಗೆ ಬಂದು ಉತ್ತರ ಹೇಳಬೇಕಾದವಳು ಮನೆಯಾಕೆ.

ಈ ಗೋಳು ನಮ್ಮ ಸೀಮೆಯದಷ್ಟೇ ಅಲ್ಲ. ಇದೇ ಜಾಮೀನಿನ ಪೆಟ್ಟು ತಿಂದು, ಅದರಿಂದಲೇ ಕಣ್ಣು ತೆರೆದು, ಹೆಂಗಸರ ಮತಾಧಿಕಾರಕ್ಕಾಗಿ ನಾಲ್ವತ್ತು ವರ್ಷ ಹೆಣಗಿದ ಒಬ್ಬ ಒಕ್ಕಲಗಿತ್ತಿ ಅಮೇರಿಕೆಯಲ್ಲಿ ಇದ್ದಳು. ಅವಳ ಹೆಸರು ಅಬಿಗೈಲ್ ಸ್ಕಾಟ್ ಡನಿವೇ. ಆಕೆಯ ಕಥೆಯನ್ನು ನಮ್ಮ ಓದುಗರ ಮುಂದೆ ಇಡಬೇಕೆಂದು ನಮಗೆ ಬಹಳ ದಿನದಿಂದ ಇತ್ತು.

ಆಕೆ ಹುಟ್ಟಿದ್ದು 1834ರಲ್ಲಿ, ಇಲಿನಾಯ್ ಪ್ರಾಂತದ ಒಂದು ಒಕ್ಕಲು ಮನೆಯಲ್ಲಿ. ಹೆಣ್ಣು ಹುಟ್ಟಿತೆಂದು ತಾಯಿಯೇ ಕಣ್ಣೀರು ಹಾಕಿದ್ದಳಂತೆ. ಮಗಳ ಮೇಲೆ ಸಿಟ್ಟಿನಿಂದಲ್ಲ. ಹೆಣ್ಣಿನ ಬಾಳು ಎಂಥದೆಂಬುದನ್ನು ತಾನು ಉಂಡು ಬಲ್ಲವಳಾದ್ದರಿಂದ. 1852ರಲ್ಲಿ ಈ ಕುಟುಂಬ ಇದ್ದ ನೆಲ ಬಿಟ್ಟು, ಎತ್ತಿನ ಬಂಡಿಗಳನ್ನು ಕಟ್ಟಿಕೊಂಡು, ಪಶ್ಚಿಮದ ತುದಿಯಲ್ಲಿರುವ ಆರೆಗಾನ್ ಸೀಮೆಗೆ ಹೊರಟಿತು. ಎರಡು ಸಾವಿರ ಮೈಲಿಗೂ ಹೆಚ್ಚಿನ ದಾರಿ. ದಿನದ ವರದಿ ಬರೆದಿಡುವ ಕೆಲಸವನ್ನು ತಂದೆ 17 ವರ್ಷದ ಈ ಮಗಳಿಗೆ ವಹಿಸಿದ್ದನು. ಆ ದಿನಚರಿಯಲ್ಲಿಯೇ ಆಕೆ ತಾಯಿ ಕಾಲರಾ ಬೇನೆಯಿಂದ ತೀರಿದ್ದನ್ನು ಬರೆಯಬೇಕಾಯಿತು. ಮುಂದೆ ಎರಡು ತಿಂಗಳಿಗೆ ಚಿಕ್ಕ ತಮ್ಮನೊಬ್ಬನ ಸಾವನ್ನೂ ಬರೆಯಬೇಕಾಯಿತು.

ಮರುವರ್ಷ ಬೆಂಜಮಿನ್ ಡನಿವೇ ಎಂಬ ರೈತನೊಡನೆ ಲಗ್ನವಾಯಿತು. ಮುಂದಿನ ಒಂಬತ್ತು ವರ್ಷ ಹೊಲಮನೆಯ ಬಾಳು. ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಆಕೆ ಆ ದಿನಗಳನ್ನು ನೆನೆದದ್ದನ್ನು ಓದಿದರೆ ನಮ್ಮ ಯಾವ ಅಕ್ಕನೋ ಅವ್ವನೋ ಮಾತಾಡುತ್ತಿರುವಂತೆ ತೋರುವದು. ವರ್ಷಕ್ಕೆ ಸಾವಿರಾರು ಪೌಂಡು ಬೆಣ್ಣೆ ಕಡೆದು ಪೇಟೆಗೆ ಕಳಿಸುವದು, ಬಂದುಹೋಗುವವರಿಗೆಲ್ಲ ಅಡಿಗೆ ಮಾಡಿ ಬಡಿಸುವದು, ನಡುವೆ ಬಸುರು ಬಾಣಂತನ, ಒಗೆಯುವದು, ಹೊಲಿಯುವದು. ಇಷ್ಟಾಗಿ ಕೈಯಲ್ಲಿ ತನ್ನದೆಂಬ ಒಂದು ಕಾಸೂ ಇಲ್ಲ. ಹೈನ ಮಾಡಿದವಳು ಆಕೆ, ಹೈನದ ರೊಕ್ಕ ಗಂಡನ ಲೆಕ್ಕಕ್ಕೆ. ಆಗಿನ ಕಾಯಿದೆಯೇ ಹಾಗಿತ್ತು.

ಗಂಡ ಕೆಟ್ಟವನಲ್ಲ. ಮೃದು ಮನಸ್ಸಿನವನು, ಅದೇ ಕೇಡಾಯಿತು. ಗೆಳೆಯನೊಬ್ಬನು ಸಾಲಪತ್ರಕ್ಕೆ ಜಾಮೀನು ಸಹಿ ಕೇಳಿದನು. ಬಡ್ಡಿ ಹೆಚ್ಚಿನದು. ಹೆಂಡತಿ ಬೇಡವೆಂದರೂ ಅವನು ಸಹಿ ಹಾಕಿಕೊಟ್ಟನು. ಗೆಳೆಯ ಸಾಲ ತೀರಿಸಲಿಲ್ಲ. ಸಮನ್ಸು ಹಿಡಿದುಕೊಂಡು ಸರಕಾರದ ಅಧಿಕಾರಿ ಬಂದ ದಿವಸ ಗಂಡ ಮನೆಯಲ್ಲಿ ಇರಲಿಲ್ಲ. ಕಾಗದ ಈಕೆಯ ಕೈಗೆ ಬಂತು! ಸಹಿಯ ವೇಳೆಗೆ ಅವಳ ಮಾತಿಗೆ ಬೆಲೆ ಇಲ್ಲ, ಜಪ್ತಿಯ ವೇಳೆಗೆ ಅವಳೇ ಗಂಡನ ಪ್ರತಿನಿಧಿ. ಈ ಮಾತು ಆಕೆಯ ಎದೆಯಲ್ಲಿ ಮುಳ್ಳಿನಂತೆ ನಟ್ಟಿತು. ಹೊಲ ಹೋಯಿತು. ಸ್ವಲ್ಪ ದಿವಸಗಳಲ್ಲಿ ಬೆದರಿದ ಕುದುರೆಗಳ ಬಂಡಿಗೆ ಸಿಕ್ಕು ಗಂಡನು ಕಾಯಂ ದುಡಿಯಲಾರದವನಾದನು. ಸಂಸಾರದ ನೊಗ ಈಕೆಯ ಹೆಗಲಿಗೆ ಬಂತು.

ಮೊದಲು ಸಾಲಿ ನಡೆಸಿದಳು. ಆಮೇಲೆ ಆಲ್ಬನಿ ಎಂಬ ಊರಿನಲ್ಲಿ ಹೆಂಗಸರ ಟೊಪ್ಪಿಗೆಗಳ ಅಂಗಡಿ ಇಟ್ಟಳು. ಅಂಗಡಿಗೆ ಬರುವ ಹೆಂಗಸರು ಟೊಪ್ಪಿಗೆ ಕೊಳ್ಳುವದಕ್ಕಿಂತ ದುಃಖ ತೋಡಿಕೊಳ್ಳುವದೇ ಹೆಚ್ಚಾಯಿತು. ಒಬ್ಬಾಕೆ ಮಕ್ಕಳಿಗೆ ಸಾಲಿಗೆ ಹೋಗಲು ಮಳೆಯಂಗಿ ಮಾಡಿಸಬೇಕೆಂದು ಬೆಣ್ಣೆಯ ರೊಕ್ಕ ಕೂಡಿಹಾಕಿದ್ದಳು. ಗಂಡನು ಅದನ್ನು ಕುದುರೆಯ ಮೇಲೆ ಹಾಕಿದನು. ಇನ್ನೊಬ್ಬಾಕೆ ವಿಧವೆ, ತಾನೇ ದುಡಿದು ಕೂಡಿಸಿದ ಆಸ್ತಿಗೆ ಕೋರ್ಟಿನ ಮುಂದೆ ಕೈಮುಗಿದು ನಿಲ್ಲಬೇಕಾಗಿತ್ತು. ಇಂಥ ಒಂದು ಸಂಗತಿಯನ್ನು ಮನೆಗೆ ಬಂದು ಸಿಟ್ಟಿನಿಂದ ಹೇಳಿದಾಗ, ಹೆಂಗಸರಿಗೆ ಮತದ ಹಕ್ಕು ಬರುವ ತನಕ ಇದು ಸುಧಾರಿಸುವದಿಲ್ಲವೆಂದು ಗಂಡನೇ ಅಂದನೆಂದು ಆಕೆ ಬರೆದಿದ್ದಾಳೆ. ಜಾಮೀನು ನಿಂತು ಹೊಲ ಕಳೆದವನ ಬಾಯಿಂದ ಬಂದ ಈ ಮಾತನ್ನು ನಾವು ಬಹಳ ಮೆಚ್ಚುತ್ತೇವೆ.

1871ರ ಮೇ ತಿಂಗಳಲ್ಲಿ ಆಕೆ ಪೋರ್ಟ್‌ಲ್ಯಾಂಡಿನಲ್ಲಿ ‘ನ್ಯೂ ನಾರ್ತ್‌ವೆಸ್ಟ್’ ಎಂಬ ವಾರಪತ್ರಿಕೆ ತೆಗೆದಳು. ಮಕ್ಕಳೇ ಮುದ್ರಣದ ಕೆಲಸಕ್ಕೆ ನಿಂತರು. 16 ವರ್ಷ ನಡೆಯಿತು. ವಾರಪತ್ರಿಕೆ ನಡೆಸುವದೆಂದರೆ ಏನೆಂಬುದು ನಮಗೆ ಗೊತ್ತಿರುವದರಿಂದ ಈ 16ರ ಅಂಕಿಗೆ ನಾವು ಕೈಮುಗಿಯುತ್ತೇವೆ. ಸುಸಾನ್ ಆಂಥನಿ ಎಂಬ ಪ್ರಸಿದ್ಧ ನಾಯಕಿಯೊಡನೆ ಅದೇ ವರ್ಷ ಊರೂರು ಸುತ್ತಿ ಭಾಷಣ ಮಾಡಿದಳು. 1879ರಲ್ಲಿ ಜಾಕ್ಸನ್‌ವಿಲ್ ಎಂಬಲ್ಲಿ ಜನ ಆಕೆಯ ಮೇಲೆ ತತ್ತಿ ಎಸೆದರು, ಪ್ರತಿಕೃತಿ ಸುಟ್ಟರು. ಊರಿನ ದೊಡ್ಡ ಪತ್ರಿಕೆಯ ಸಂಪಾದಕನಾಗಿದ್ದ ಸ್ವಂತ ತಮ್ಮನೇ ಸ್ತ್ರೀಮತಕ್ಕೆ ವಿರೋಧಿ. 1878ರಲ್ಲಿ ಲಗ್ನವಾದ ಹೆಂಗಸಿನ ಗಳಿಕೆ ಅವಳದೇ ಎನ್ನುವ ಕಾಯಿದೆ ಆರೆಗಾನಿನಲ್ಲಿ ಬಂದದ್ದರಲ್ಲಿ ಆಕೆಯ ಪತ್ರಿಕೆಯ ಪಾಲು ದೊಡ್ಡದು. ಮತದ ಹಕ್ಕು ಮಾತ್ರ ಬೇಗ ಬರಲಿಲ್ಲ. 1884, 1900, 1906, 1908, 1910, ಹೀಗೆ ಐದು ಸಲ ಆರೆಗಾನಿನ ಗಂಡಸರು ಒಲ್ಲೆವೆಂದು ಮತ ಹಾಕಿದರು. 1912ರ ನವೆಂಬರದಲ್ಲಿ, ಆರನೆಯ ಸಲಕ್ಕೆ, ಹೂಂ ಅಂದರು. ಆಗ ಆಕೆಗೆ 78 ವರ್ಷ. ಘೋಷಣಾಪತ್ರವನ್ನು ಆಕೆಯ ಕೈಯಿಂದಲೇ ಬರೆಯಿಸಿ ಗವರ್ನರನು ಸಹಿ ಹಾಕಿದನು. ಆಕೆಯೂ ಸಹಿ ಹಾಕಿದಳು. ತನ್ನ ಜಿಲ್ಲೆಯಲ್ಲಿ ಮತದಾರಳೆಂದು ಮೊದಲು ಹೆಸರು ಬರೆಯಿಸಿದ ಹೆಂಗಸೂ ಆಕೆಯೇ. 1915ರಲ್ಲಿ ತೀರಿಕೊಂಡಳು. ಆ ಹಕ್ಕು ಎಲ್ಲರಿಗೂ ಬಂತೆಂದು ತಿಳಿಯಬಾರದು. ಅಲ್ಲಿಯ ಮೂಲನಿವಾಸಿ ಹೆಂಗಸರಲ್ಲಿ ಬಹುಜನರು ನಾಗರಿಕರೆಂದೇ ಎಣಿಕೆಯಾಗದ್ದರಿಂದ 1924ರ ತನಕ ಕಾಯಬೇಕಾಯಿತು.

ಇನ್ನು ನಮ್ಮ ಕಡೆಯ ಮಾತು. ಮುಂಬಯಿ ಪ್ರಾಂತದಲ್ಲಿ 1921ರಲ್ಲಿಯೇ ಹೆಂಗಸರಿಗೆ ಮತ ಬಂದಿತ್ತಾದರೂ ಅದು ಆಸ್ತಿಯುಳ್ಳ ಕೆಲವರಿಗಷ್ಟೇ. ಜತ್ತ ಆಗ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಹೊಲ ಇರಲಿ ಬಿಡಲಿ, ಓದು ಬರಲಿ ಬಿಡಲಿ, ಮುಚ್ಚಂಡಿಯ ಹೆಣ್ಣುಮಗಳಿಗೂ ಲೋಕಸಭೆಗೆ ಮತ ಹಾಕುವ ಹಕ್ಕು ಕೈಗೆ ಬಂದದ್ದು 1951-52ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ. ಆ ಚುನಾವಣೆಯ ಒಂದು ಅಂಕಿ ನಮ್ಮನ್ನು ಕಾಡುತ್ತದೆ. ದೇಶದ ಸುಮಾರು 8 ಕೋಟಿ ಹೆಂಗಸರಲ್ಲಿ ಸುಮಾರು 28 ಲಕ್ಷ ಜನರ ಹೆಸರು ಯಾದಿಯಿಂದ ಬಿಟ್ಟುಹೋಯಿತು. ಕಾರಣವೇನು? ಯಾದಿ ಬರೆಯುವವರು ಬಂದಾಗ ಅವರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಯಿಸಿದರು. ಇದು ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ ಆದದ್ದು. ನಮ್ಮ ಹೆಂಗಸರದು ಇನ್ನೊಂದು ತರಹ: ಗಂಡನ ಹೆಸರನ್ನು ಒಡಪಿನೊಳಗೆ ಹುದುಗಿಸಿ ಹೇಳುವವರು, ತಮ್ಮ ಹೆಸರಿಗೆ ನಾಚುವವರಲ್ಲ. ಆದರೆ ಯಾದಿಯಲ್ಲಿ ಹೆಸರು ಇದ್ದವಳ ಮತವೂ ಯಾರ ಮಾತಿನಂತೆ ಬೀಳುತ್ತದೆಂಬುದನ್ನು ಕಟ್ಟೆಯ ಮೇಲೆ ಕೂತವರು ಎದೆ ಮುಟ್ಟಿಕೊಂಡು ಹೇಳಲಿ.

ಮತದ ಯಾದಿಗೆ ಹೆಸರು ಬಂತು, ಹೊಲದ ಉತಾರಕ್ಕೆ? 1980ರ ದಶಕದ ಕೊನೆಗೆ ಶರದ ಜೋಶಿಯವರ ಶೇತಕರಿ ಸಂಘಟನೆಯು ಲಕ್ಷ್ಮೀ ಮುಕ್ತಿ ಎಂಬ ಚಳವಳಿ ಮಾಡಿ, ಹೆಂಡತಿಯ ಹೆಸರಿಗೂ ಹೊಲ ಬರೆದುಕೊಡಿರೆಂದು ಮಹಾರಾಷ್ಟ್ರದ ರೈತರಿಗೆ ಹೇಳಿತು. ಸ್ವಂತ ಇಚ್ಛೆಯಿಂದ ಬರೆದುಕೊಟ್ಟವರೂ ಇದ್ದರು. 1992ರಲ್ಲಿ ಸರಕಾರವೂ ಅದೇ ಹೆಸರಿನಿಂದ, ಗಂಡನು ಒಪ್ಪಿದರೆ ಉತಾರದಲ್ಲಿ ಹೆಂಡತಿಯ ಹೆಸರು ಕೂಡಿಸುವ ಆಜ್ಞೆ ಹೊರಡಿಸಿತು. 1994ರಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಂತೆ ಪಾಲು ಉಂಟು. ಮನೆಯ ಹೆಣ್ಣುಮಕ್ಕಳೊಡನೆ ತಲಾಠಿಯ ಚಾವಡಿಗೆ ಹೋಗಿ ಉತಾರ ತೆಗೆಯಿಸಿ, ಗಟ್ಟಿಯಾಗಿ ಓದಿಸಿ ಕೇಳಬೇಕೆಂದು ನಮ್ಮ ಒಕ್ಕಲಿಗ ಬಂಧುಗಳಲ್ಲಿ ಕೇಳಿಕೊಳ್ಳುತ್ತೇವೆ. ಮುಂದಿನ ಸಲ ಗೆಳೆಯನು ಜಾಮೀನು ಸಹಿಗೆ ಬಂದಾಗ ಅವನನ್ನು ಪಡಸಾಲೆಯಲ್ಲಿ ಕೂಡ್ರಿಸಿ, ಅಡಿಗೆಮನೆಯಲ್ಲಿ ಇದ್ದಾಕೆಯನ್ನು ಹೊರಗೆ ಕರೆಯಿರಿ.