ಚಪ್ಪಟೆ ಮೀನೂ ಉಪ್ಪಿನ ಲೆಕ್ಕವೂ

ಮಲ್ಪೆ, ಮಂಗಳೂರುಗಳ ಮೀನುಪೇಟೆಯನ್ನು ಕಂಡವರಿಗೆ ನಂಗು ಮೀನಿನ ಪರಿಚಯವುಂಟು. ಎಲೆಯಂತೆ ಚಪ್ಪಟೆಯಾದ ಈ ಕಡಲಮೀನಿನ ಎರಡು ಕಣ್ಣುಗಳೂ ದೇಹದ ಒಂದೇ ಮಗ್ಗುಲಲ್ಲಿರುತ್ತವೆ. ಹುಟ್ಟುವಾಗ ಮರಿಯು ಉಳಿದ ಮೀನುಗಳಂತೆಯೇ ಇದ್ದು, ಬೆಳೆಯುತ್ತ ಒಂದು ಕಣ್ಣು ತಲೆಯನ್ನು ದಾಟಿ ಇನ್ನೊಂದರ ಬಳಿ ಸೇರುತ್ತದೆ. ಇದೇ ಬಗೆಯ ಪುಟ್ಟ ಮೀನುಗಳನ್ನು ಅಮೆರಿಕದ ಅಕ್ವೇರಿಯಂ ಅಂಗಡಿಗಳಲ್ಲಿ ‘ಸಿಹಿನೀರಿನ ಸೋಲ್’ ಎಂದೋ ‘ಸಿಹಿನೀರಿನ ಫ್ಲೌಂಡರ್’ ಎಂದೋ ಮಾರುವುದುಂಟು. ಮನೆಗೆ ತಂದವು ಕೆಲವೇ ತಿಂಗಳುಗಳಲ್ಲಿ ಸೊರಗಿ ಸಾಯುವುದು ಅಪರೂಪವಲ್ಲ. ಇದಕ್ಕೆ ಕಾರಣವೇನೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಹೀಗೆ ಮಾರಾಟವಾಗುವವುಗಳಲ್ಲಿ ಹಾಗ್‌ಚೋಕರ್ ಮುಖ್ಯವಾದುದು. ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿ ಅದರ ನೆಲೆ. ಮೇರಿಲ್ಯಾಂಡಿನ ಪಟಕ್ಸೆಂಟ್ ನದಿಯ ಅಳಿವೆಯಲ್ಲಿ ನಡೆದು 1969ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಜೀವನಕ್ರಮವನ್ನು ವಿವರಿಸಿತು. ಮೊಟ್ಟೆಯಿಡುವುದು ಅಳಿವೆಯ ಉಪ್ಪುನೀರಿನಲ್ಲಿ. ಮರಿಗಳು ನದಿಯ ಮೇಲಕ್ಕೆ ಸಾಗಿ, ಉಪ್ಪು ತೀರ ಕಡಿಮೆಯಿರುವೆಡೆ ಬೆಳೆಯುತ್ತವೆ. ಬಲಿತ ಬಳಿಕ ಮೊಟ್ಟೆಯಿಡಲು ಮತ್ತೆ ಕೆಳಕ್ಕೆ ಬರುತ್ತವೆ. ಅಂಗಡಿಗೆ ಬರುವುದು ಬಹುಮಟ್ಟಿಗೆ ಈ ಮರಿಗಳೇ. ಆದುದರಿಂದ ‘ಸಿಹಿನೀರಿನ’ ಎಂಬ ಹೆಸರು ಅವುಗಳ ಬಾಲ್ಯಕ್ಕೆ ಮಾತ್ರ ಒಪ್ಪುತ್ತದೆ.

ಉಪ್ಪಿಗೇಕೆ ಇಷ್ಟು ಮಹತ್ತ್ವ? ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿಟ್ಟರೆ ಬೆಳಗಾಗುವಾಗ ಉಬ್ಬಿರುತ್ತದೆ. ತೆಳುಪೊರೆಯ ಮೂಲಕ ನೀರು ಸಾರ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಹರಿಯುವ ಈ ಕ್ರಿಯೆಗೆ ಅಭಿಸರಣವೆಂದು ಹೆಸರು. ಕಡಲಿನ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಇಂತಹ ಮೀನಿನ ರಕ್ತದ ಲವಣಾಂಶ ಸ್ಥೂಲವಾಗಿ ಅದರ ಮೂರನೆಯ ಒಂದು ಪಾಲು. ಸಿಹಿನೀರಿನಲ್ಲಿ ಮೀನಿನ ಮೈಯೊಳಕ್ಕೆ ನೀರು ಎಡೆಬಿಡದೆ ನುಗ್ಗುತ್ತದೆ. ಮೂತ್ರಪಿಂಡಗಳು ಅದನ್ನು ಹೊರದೂಡಬೇಕು. ಕಳೆದುಹೋದ ಲವಣವನ್ನು ಕಿವಿರುಗಳು ನೀರಿನಿಂದ ಹೀರಿಕೊಳ್ಳಬೇಕು. ಈ ದುಡಿಮೆಗೆ ಆಹಾರವೇ ಇಂಧನ.

ಬೆಳೆದ ಹಾಗ್‌ಚೋಕರಿನ ಈ ಹೊರೆಯನ್ನು ಇಳಿಸಲು ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರಲವಣವನ್ನು ಕೆಲವು ವಾರಗಳ ಅವಧಿಯಲ್ಲಿ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಹೈಡ್ರೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.005ರ ಸುಮಾರಿಗೆ ಬಂದರೆ ನೀರಿನ ಲವಣಾಂಶವು ಮೀನಿನ ರಕ್ತದ ಮಟ್ಟಕ್ಕೆ ಸಮೀಪವಾಗುತ್ತದೆ. ಅಡಿಗೆ ಉಪ್ಪು ಇದಕ್ಕೆ ಬದಲಾಗದು. ಆದರೆ ಅಮೆಜಾನ್ ನದಿಯ ಹೈಪೊಕ್ಲಿನೀಮಸ್ ಮೆಂಟಾಲಿಸ್ ನಿಜವಾದ ಸಿಹಿನೀರಿನ ಮೀನು. ಅದಕ್ಕೆ ಉಪ್ಪು ಬೇಡ. ಆದುದರಿಂದ ಮೊದಲು ಜಾತಿಯನ್ನು ಗುರುತಿಸುವುದು ಅಗತ್ಯ. ಹಾಗ್‌ಚೋಕರಿಗೆ ಎದೆಯ ಈಜುರೆಕ್ಕೆಗಳೇ ಇಲ್ಲ.

ಎರಡನೆಯ ಕಾರಣ ಹಸಿವು. ಹಗಲೆಲ್ಲ ಮರಳಿನಲ್ಲಿ ಹುದುಗಿರುವ ಈ ಮೀನು ಇರುಳಿನಲ್ಲಿ ಹುಳುಗಳನ್ನು ಅರಸುತ್ತದೆ. ಒಣ ಆಹಾರದ ಚೂರುಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ದೀಪವಾರಿಸಿದ ಮೇಲೆ ಜೀವಂತ ಹುಳುಗಳನ್ನು ಹಾಕಬೇಕು. ಚುರುಕಾದ ಮೀನುಗಳು ಜೊತೆಗಿದ್ದರೆ ಇದರ ಪಾಲು ಅವುಗಳದಾಗುತ್ತದೆ. ತೊಟ್ಟಿಯ ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯ. ತಳದಲ್ಲಿ ನಯವಾದ ಸಣ್ಣ ಮರಳಿರಲಿ. ಚೂಪಾದ ಕಲ್ಲು ಹೊಟ್ಟೆಯನ್ನು ಗೀರುತ್ತದೆ.

ಅಂಗಡಿಯಲ್ಲಿ ನಾಣ್ಯದಷ್ಟಿರುವ ಮರಿ ಮುಂದೆ 15 ಸೆಂಟಿಮೀಟರಿಗೂ ಮೀರಿ ಬೆಳೆಯಬಲ್ಲುದು. ಇದರ ಜಾತಿ ಯಾವುದು, ಇರುಳಿನ ಊಟವನ್ನು ತಪ್ಪದೆ ಕೊಡಬಲ್ಲೆವೆ, ಬಲಿತಾಗ ಬೇಕಾಗುವ ನೀರನ್ನು ಒದಗಿಸಬಲ್ಲೆವೆ—ಈ ಮೂರಕ್ಕೂ ಉತ್ತರ ದೊರೆತ ಮೇಲೆಯೇ ಅದನ್ನು ಕೊಳ್ಳುವುದು ಲೇಸು.