ಅಂಗಡಿಯ ಬಾಗಿಲು, ಠಾಣೆಯ ಮೆಟ್ಟಿಲು: ತಡೆದು ನಿಲ್ಲಿಸುವ ಅಧಿಕಾರದ ಮೇರೆಗಳು

ಕಾನೂನು ಗೊತ್ತುಪಡಿಸಿದ ಕ್ರಮವನ್ನು ಬಿಟ್ಟು ಬೇರೆ ಯಾವ ರೀತಿಯಲ್ಲೂ ಒಬ್ಬರ ಜೀವವನ್ನಾಗಲಿ ದೈಹಿಕ ಸ್ವಾತಂತ್ರ್ಯವನ್ನಾಗಲಿ ಕಸಿಯುವಂತಿಲ್ಲ ಎಂದು ಭಾರತದ ಸಂವಿಧಾನದ 21ನೆಯ ವಿಧಿ ಹೇಳುತ್ತದೆ. ಪ್ರಜೆಯ ಓಡಾಟ, ಮಾತು, ಮೈ, ಮನೆ ಇವುಗಳ ಮೇಲೆ ಪ್ರಭುತ್ವವಾಗಲಿ ಮತ್ತೊಬ್ಬ ಖಾಸಗಿ ವ್ಯಕ್ತಿಯಾಗಲಿ ಆಧಾರವಿಲ್ಲದೆ ಕೈಹಾಕಬಾರದೆಂಬ ಈ ರಕ್ಷಣೆಯನ್ನೇ ಪೌರ ಸ್ವಾತಂತ್ರ್ಯ ಎನ್ನುತ್ತಾರೆ. ನ್ಯಾಯಾಲಯದ ದೊಡ್ಡ ವ್ಯಾಜ್ಯಗಳಲ್ಲಿ ಮಾತ್ರ ಇದರ ಪ್ರಸ್ತಾಪ ಬರುತ್ತದೆ ಎಂಬ ಭಾವನೆ ಸಾಮಾನ್ಯವಾಗಿದ್ದರೂ, ಬಹುಪಾಲು ಜನ ಇದನ್ನು ಎದುರುಗೊಳ್ಳುವುದು ಎರಡೇ ಕಡೆ, ಅಂಗಡಿಯ ಬಾಗಿಲಲ್ಲಿ ಮತ್ತು ಪೊಲೀಸರ ಮುಂದೆ. ಆ ಎರಡೂ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ತಡೆಯುವವರಿಗೆ ಆ ಅಧಿಕಾರವನ್ನು ಕೊಟ್ಟ ಕಾನೂನು ಯಾವುದು?

ಉತ್ತರ ಕನ್ನಡದ ಕರಾವಳಿಯ ಹಳದೀಪುರದಂಥ ಊರಿಗೂ ಇದು ದೂರದ ಮಾತಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಮೇಲಿರುವ ಈ ಊರಿನವರು ಸಂತೆ, ಆಸ್ಪತ್ರೆ, ಕೋರ್ಟು, ಕಾಲೇಜುಗಳಿಗೆಂದು ಒಂದು ಕಡೆ ಕುಮಟೆಗೆ, ಇನ್ನೊಂದು ಕಡೆ ಹೊನ್ನಾವರ, ಭಟ್ಕಳಗಳಿಗೆ ಹೋಗಿ ಬರುತ್ತಾರೆ. ಕಿರಾಣಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಒಡೆಯನೇ ಸಾಮಾನು ಅಳೆದು ಕಟ್ಟಿಕೊಡುತ್ತಿದ್ದ ಕಾಲದಲ್ಲಿ ಗಿರಾಕಿಯ ಕೈಚೀಲವನ್ನು ತಡಕುವ ಪ್ರಮೇಯವೇ ಇರಲಿಲ್ಲ. ಗಿರಾಕಿಯೇ ಬುಟ್ಟಿ ಹಿಡಿದು ಬೇಕಾದದ್ದನ್ನು ತೆಗೆದುಕೊಳ್ಳುವ ಮಾರ್ಟುಗಳು ಬಂದ ಮೇಲೆ ಬಾಗಿಲಿಗೆ ಸಮವಸ್ತ್ರ ತೊಟ್ಟ ಸೆಕ್ಯುರಿಟಿಯವರೂ ಬಂದರು. ಆ ಸಮವಸ್ತ್ರವೇ ಅನೇಕರಲ್ಲಿ ಅಳುಕು ಹುಟ್ಟಿಸುತ್ತದೆ. ಆದರೆ ಅದರ ಹಿಂದೆ ಸರ್ಕಾರದ ಯಾವ ಅಧಿಕಾರವೂ ಇಲ್ಲ. ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆ, 2005 ಇಂಥ ಸಂಸ್ಥೆಗಳು ಪರವಾನಗಿ ಪಡೆಯಬೇಕು, ಕಾವಲುಗಾರನಿಗೆ ಭಾವಚಿತ್ರವಿರುವ ಗುರುತುಚೀಟಿ ಕೊಡಬೇಕು ಎಂದು ವಿಧಿಸುತ್ತದೆ. ಪೊಲೀಸರ ಅಥವಾ ಸೇನೆಯ ಸಮವಸ್ತ್ರವನ್ನು ಹೋಲುವ ಉಡುಪನ್ನು ಕಾವಲುಗಾರ ತೊಟ್ಟರೆ ಅದನ್ನು ಅಪರಾಧವೆಂದೇ ಎಣಿಸುತ್ತದೆ. ಜನರನ್ನು ತಡೆಯುವ, ಶೋಧಿಸುವ, ವಿಚಾರಿಸುವ ವಿಶೇಷ ಅಧಿಕಾರವನ್ನು ಮಾತ್ರ ಆ ಕಾಯ್ದೆ ಎಲ್ಲಿಯೂ ಕೊಡುವುದಿಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರನಿಗೂ ಮೀನು ಕೊಳ್ಳಲು ಬಂದ ಗಿರಾಕಿಗೂ ಈ ವಿಷಯದಲ್ಲಿ ಕಾನೂನಿನ ಕಣ್ಣಿನಲ್ಲಿ ಭೇದವಿಲ್ಲ.

ಹಾಗೆಂದು ಅಂಗಡಿಯವನು ನಿರುಪಾಯನೂ ಅಲ್ಲ. ಅಂಗಡಿ ಅವನ ಸ್ವತ್ತಾದ್ದರಿಂದ ಚೀಲವನ್ನು ಹೊರಗಿಟ್ಟು ಟೋಕನ್ ಪಡೆದು ಬರಬೇಕೆಂಬ ಷರತ್ತನ್ನು ಅವನು ಹಾಕಬಹುದು, ಒಪ್ಪದವರಿಗೆ ಪ್ರವೇಶ ನಿರಾಕರಿಸಬಹುದು, ಹೊರಡುವಾಗ ಬಿಲ್ಲು ತೋರಿಸಿರೆಂದು ವಿನಂತಿಸಲೂಬಹುದು. ಗಿರಾಕಿ ಒಪ್ಪಿ ತೋರಿಸಿದರೆ ತಕರಾರಿಲ್ಲ. ಒಪ್ಪದಿದ್ದರೆ ಚೀಲವನ್ನು ಕಸಿದು ನೋಡುವ, ಜೇಬಿಗೆ ಕೈಹಾಕುವ, ಮೈ ತಡವುವ ಹಕ್ಕು ಆ ವಿನಂತಿಯಿಂದ ಹುಟ್ಟುವುದಿಲ್ಲ. ಹೊರಡಲು ಹಕ್ಕಿರುವವನ ದಾರಿಗೆ ಅಡ್ಡ ನಿಲ್ಲುವುದನ್ನು ಭಾರತೀಯ ನ್ಯಾಯ ಸಂಹಿತೆಯ 126ನೆಯ ಕಲಂ ಅಕ್ರಮ ತಡೆ ಎಂದೂ, ಕೋಣೆಯೊಳಗೆ ಕೂರಿಸಿ ಎತ್ತಲೂ ಹೋಗದಂತೆ ಮಾಡುವುದನ್ನು 127ನೆಯ ಕಲಂ ಅಕ್ರಮ ಬಂಧನ ಎಂದೂ ಕರೆಯುತ್ತದೆ. ಮೊದಲನೆಯದಕ್ಕೆ ಒಂದು ತಿಂಗಳವರೆಗೆ, ಎರಡನೆಯದಕ್ಕೆ ಒಂದು ವರ್ಷದವರೆಗೆ ಸಜೆ ವಿಧಿಸಬಹುದು.

ಕಣ್ಣೆದುರೇ ಕಳ್ಳತನ ನಡೆದರೆ ಏನು ಎಂಬ ಪ್ರಶ್ನೆ ಇಲ್ಲಿ ಸಹಜ, ಮತ್ತು ಇದು ತುಸು ನಿಧಾನವಾಗಿ ನೋಡಬೇಕಾದ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಂ ಖಾಸಗಿ ವ್ಯಕ್ತಿಗೂ ದಸ್ತಗಿರಿ ಮಾಡುವ ಅವಕಾಶವನ್ನು ಕೊಟ್ಟಿದೆ, ಆದರೆ ಮೂರು ಕಟ್ಟುಗಳನ್ನು ಹಾಕಿದೆ. ಅಪರಾಧ ಅವನ ಸಮ್ಮುಖದಲ್ಲೇ ನಡೆದಿರಬೇಕು, ಬರೀ ಗುಮಾನಿ ಸಾಲದು. ಆ ಅಪರಾಧ ಸಂಜ್ಞೇಯವೂ, ಅಂದರೆ ವಾರಂಟಿಲ್ಲದೆ ಪೊಲೀಸರು ದಸ್ತಗಿರಿ ಮಾಡಬಹುದಾದದ್ದೂ, ಜಾಮೀನುರಹಿತವೂ, ಅಂದರೆ ಜಾಮೀನನ್ನು ಹಕ್ಕಾಗಿ ಕೇಳಲು ಬಾರದಂಥದ್ದೂ ಆಗಿರಬೇಕು. ಹಿಡಿದವನನ್ನು ವಿನಾಕಾರಣ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಗಳೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈ ಆರು ಗಂಟೆಯ ಮಿತಿ ಇರಲಿಲ್ಲ. ಇದರೊಂದಿಗೆ ನ್ಯಾಯ ಸಂಹಿತೆ ಇನ್ನೊಂದು ಮುಖ್ಯ ಬದಲಾವಣೆಯನ್ನೂ ತಂದಿದೆ: ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಗೆ ಅಪರಾಧಿಯೆನಿಸಿದವನು ಅದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ, ಮತ್ತು ಅಂಥ ಸಣ್ಣ ಕಳ್ಳತನ ಅಸಂಜ್ಞೇಯ, ಜಾಮೀನೀಯ. ಒಂದು ಸೋಪಿನ ಡಬ್ಬಿಗಾಗಿ ಹಿಡಿದು ಕೂರಿಸುವ ಕಾವಲುಗಾರನ ಕಾಲಡಿಯ ನೆಲವೇ ಇದರಿಂದ ಸಡಿಲವಾಗುತ್ತದೆ. ಇದರ ಎದುರಿಗೆ ನ್ಯಾಯ ಸಂಹಿತೆಯ 305ನೆಯ ಕಲಂ ಇದೆ ಎಂಬುದನ್ನೂ ಮರೆಯುವಂತಿಲ್ಲ. ಸ್ವತ್ತನ್ನು ಕಾಯ್ದಿಡುವ ಕಟ್ಟಡದೊಳಗಿನ ಕಳ್ಳತನಕ್ಕೆ ಅದು ಏಳು ವರ್ಷದವರೆಗಿನ ಸಜೆಯನ್ನು ಹೇಳುತ್ತದೆ, ಮತ್ತು ಆ ಅಪರಾಧ ಜಾಮೀನುರಹಿತ. ಒಂದು ಘಟನೆ ಯಾವ ಕಲಮಿನಡಿ ಬರುತ್ತದೆಂಬುದನ್ನು ತೀರ್ಮಾನಿಸಬೇಕಾದವರು ಪೊಲೀಸರು ಮತ್ತು ನ್ಯಾಯಾಧೀಶರೇ ಹೊರತು ಬಾಗಿಲ ಕಾವಲುಗಾರನಲ್ಲ, ಆದ್ದರಿಂದ ವಿವೇಕವಿರುವ ಅಂಗಡಿಯವನು ಕೈಮಾಡದೆ 112ಕ್ಕೆ ಕರೆ ಮಾಡುತ್ತಾನೆ. ತನ್ನ ವಸ್ತುವನ್ನು ಹೊತ್ತೊಯ್ಯುವವನ ಕೈಯಿಂದ ಅಲ್ಲೇ ಬಿಡಿಸಿಕೊಳ್ಳುವ ಸ್ವತ್ತಿನ ರಕ್ಷಣೆಯ ಹಕ್ಕು ಅವನಿಗೂ ಇದೆ, ಅಗತ್ಯಕ್ಕಿಂತ ಹೆಚ್ಚು ಬಲ ಬಳಸಬಾರದೆಂಬ ಮಿತಿಯೊಳಗೆ.

ಕಳ್ಳತನವೆಂದರೆ ಅಪ್ರಾಮಾಣಿಕ ಉದ್ದೇಶದಿಂದ ವಸ್ತುವನ್ನು ಸರಿಸುವುದು. ಮಗು ಬುಟ್ಟಿಗೆ ಹಾಕಿದ ಚಾಕಲೇಟನ್ನು ತಾಯಿ ಬಿಲ್ಲು ಮಾಡಿಸಲು ಮರೆತರೆ ಅಲ್ಲಿ ಮರೆವಿದೆ, ಆ ಉದ್ದೇಶವಿಲ್ಲ. ಇಂಥ ಸಂದರ್ಭದಲ್ಲಿ ಬೆಲೆಯ ಹತ್ತು ಪಟ್ಟು ದಂಡ ಕಟ್ಟು ಎನ್ನುವುದು, ತಪ್ಪೊಪ್ಪಿಗೆ ಬರೆಸಿಕೊಳ್ಳುವುದು, ಫೋಟೋ ತೆಗೆದು ಗೋಡೆಗೆ ಅಂಟಿಸುವುದು ಅಥವಾ ವಾಟ್ಸಾಪ್ ಗುಂಪಿಗೆ ಹರಿಬಿಡುವುದು ಕೆಲವೆಡೆ ರೂಢಿಯಾಗಿದೆ. ದಂಡ ವಿಧಿಸುವುದು ನ್ಯಾಯಾಲಯದ ಕೆಲಸ. ಪೊಲೀಸರ, ಮಾನಹಾನಿಯ ಹೆದರಿಕೆ ಹುಟ್ಟಿಸಿ ಹಣ ಕಿತ್ತುಕೊಂಡರೆ ಕಿತ್ತವನ ಮೇಲೆಯೇ ಬೆದರಿಕೆಯ ಸುಲಿಗೆಯ ದೂರು ನಿಲ್ಲಬಹುದು. ಊರಿಗೆಲ್ಲ ಪರಿಚಯವಿರುವ ಸಣ್ಣ ಪೇಟೆಗಳಲ್ಲಿ ಒಮ್ಮೆ ಅಂಟಿದ ಕಳ್ಳಿಯೆಂಬ ಹೆಸರು ಹೆಣ್ಣುಮಗಳೊಬ್ಬಳ ಬದುಕನ್ನೇ ಹಾಳುಮಾಡಬಲ್ಲದಾದ್ದರಿಂದ ಈ ರೂಢಿ ಅತ್ಯಂತ ಕ್ರೂರವಾದದ್ದು.

ಪೊಲೀಸರ ವಿಷಯ ಬೇರೆ. ಅವರಿಗೆ ಅಧಿಕಾರವಿದೆ, ಆದರೆ ಅದು ಬರೆದಿಟ್ಟ ಅಧಿಕಾರ. ಹೆದ್ದಾರಿಯಲ್ಲಿ ಸಮವಸ್ತ್ರದ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲಕ ಲೈಸೆನ್ಸ್ ತೋರಿಸಲೇಬೇಕು, ಡಿಜಿಲಾಕರಿನಲ್ಲಿರುವ ಪ್ರತಿಯೂ ನಡೆಯುತ್ತದೆ. ಅಸಂಜ್ಞೇಯ ಅಪರಾಧದ ಆರೋಪವಿರುವವನು ಹೆಸರು, ವಿಳಾಸ ಹೇಳಲು ಒಪ್ಪದಿದ್ದರೆ ಅಥವಾ ಸುಳ್ಳು ಹೇಳಿದರೆ ಅವನ್ನು ಗೊತ್ತುಮಾಡಿಕೊಳ್ಳುವುದಕ್ಕಾಗಿಯೇ ದಸ್ತಗಿರಿ ಮಾಡಬಹುದು. ಆದ್ದರಿಂದ ಹೆಸರು, ವಿಳಾಸಗಳನ್ನು ಸರಿಯಾಗಿ ಹೇಳಿಬಿಡುವುದು ಲೇಸು. ಅದರಾಚೆಗೆ ತನ್ನನ್ನೇ ಅಪರಾಧದಲ್ಲಿ ಸಿಲುಕಿಸುವ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆಂದು ಸಂವಿಧಾನದ 20(3)ನೆಯ ವಿಧಿ ಹೇಳುತ್ತದೆ, ಮತ್ತು ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವುದು ಈ ರಕ್ಷಣೆಯ ಉಲ್ಲಂಘನೆಯೆಂದು ತೀರ್ಪು ಕೊಟ್ಟಿತು. ಖಾಸಗಿತನವೂ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬೇಕು.

ಹಳ್ಳಿಗಳಲ್ಲಿ ಹೆಚ್ಚು ಕಾಣುವ ಪದ್ಧತಿಯೆಂದರೆ ಫೋನು ಮಾಡಿ "ಸ್ಟೇಷನ್ನಿಗೆ ಬಾ" ಎನ್ನುವುದು, ಬಂದವರನ್ನು ಕಾರಣ ಹೇಳದೆ ಸಂಜೆಯವರೆಗೆ ಬೆಂಚಿನ ಮೇಲೆ ಕೂರಿಸುವುದು. ತನಿಖೆಗಾಗಿ ಸಾಕ್ಷಿಯನ್ನು ಕರೆಸಲು ಲಿಖಿತ ಆದೇಶ ಬೇಕೆಂದು ಸುರಕ್ಷಾ ಸಂಹಿತೆಯ 179ನೆಯ ಕಲಂ ಹೇಳುತ್ತದೆ; ಮಹಿಳೆಯರನ್ನು, 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಅವರ ಮನೆಯಲ್ಲೇ ವಿಚಾರಿಸಬೇಕು. ಆರೋಪಿಯ ವಿಷಯದಲ್ಲಿ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ದಸ್ತಗಿರಿ ಏಕೆ ಅಗತ್ಯವೆಂದು ಅಧಿಕಾರಿ ಕಾರಣ ಬರೆದಿಡಬೇಕು, ಅಗತ್ಯವಿಲ್ಲದಿದ್ದರೆ ಅದೇ ಸಂಹಿತೆಯ 35(3)ನೆಯ ಕಲಮಿನ ನೋಟಿಸು ಕೊಟ್ಟು ಕರೆಸಬೇಕು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಬಿಗಿಗೊಳಿಸಿತು. ಈ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲವೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಿಡಿಯೊ ಕರೆಯಲ್ಲಿ ಖಾಕಿ ತೋರಿಸಿ "ಡಿಜಿಟಲ್ ಅರೆಸ್ಟ್" ಎಂದು ಮುದುಕರ ಉಳಿತಾಯವನ್ನು ದೋಚುವವರ ಕೈ ನಡೆಯುವುದು ಈ ಕ್ರಮ ಜನರಿಗೆ ತಿಳಿಯದಿರುವುದರಿಂದಲೇ. ಅಂಥ ದಸ್ತಗಿರಿ ಯಾವ ಕಾನೂನಿನಲ್ಲೂ ಇಲ್ಲ.

ತಡೆದ ಅಧಿಕಾರಿಯನ್ನು ದನಿ ಏರಿಸದೆ ಕೇಳಬಹುದಾದ ಮಾತು ಇದು: "ಸರ್, ನನ್ನನ್ನು ದಸ್ತಗಿರಿ ಮಾಡ್ತಿದ್ದೀರಾ, ಇಲ್ಲ ನಾನು ಹೋಗಬಹುದಾ?" ಈ ಪ್ರಶ್ನೆಗೆ ನಡುವಿನ ಉತ್ತರವಿಲ್ಲ. ಹೋಗಬಹುದೆಂದರೆ ಹೋಗಬೇಕು, ದಸ್ತಗಿರಿಯೆಂದರೆ ಆ ಕ್ಷಣದಿಂದ ಕಾನೂನಿನ ಗಡಿಯಾರ ಓಡತೊಡಗುತ್ತದೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸಲೇಬೇಕಾಗುತ್ತದೆ. ಕೈಕೈ ಮಿಲಾಯಿಸುವುದು, ತಳ್ಳಾಡುವುದು, ಓಡುವುದು ಮಾತ್ರ ಸಲ್ಲದು. ದಸ್ತಗಿರಿ ತಪ್ಪೆಂದು ತೋರಿದರೂ ಅದನ್ನು ಪ್ರಶ್ನಿಸುವ ಜಾಗ ರಸ್ತೆಯಲ್ಲ, ಕೋರ್ಟು. ಪೊಲೀಸರ ಕಾನೂನುಬದ್ಧ ಸೂಚನೆಯನ್ನು ಪಾಲಿಸದವರನ್ನು ಸ್ಥಳದಿಂದ ತೆಗೆದೊಯ್ಯುವ ಅಧಿಕಾರವನ್ನು ಸುರಕ್ಷಾ ಸಂಹಿತೆಯ 172ನೆಯ ಕಲಂ ಕೊಟ್ಟಿರುವುದರಿಂದ ಈ ಎಚ್ಚರ ಈಗ ಮೊದಲಿಗಿಂತ ಹೆಚ್ಚು ಬೇಕು.

ದಸ್ತಗಿರಿಯಾದರೆ ಎಲ್ಲಕ್ಕಿಂತ ಬೆಲೆಬಾಳುವುದು ಒಂದು ಹಾಳೆ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಅವರು 1986ರಲ್ಲಿ, ಠಾಣೆಗಳಲ್ಲಿನ ಸಾವುಗಳ ಪತ್ರಿಕಾ ವರದಿಗಳನ್ನು ಕುರಿತು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರವನ್ನೇ ಅರ್ಜಿಯೆಂದು ಭಾವಿಸಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 18ರಂದು ಕೊಟ್ಟ ತೀರ್ಪಿನಿಂದ ಹುಟ್ಟಿದ ಈ ದಸ್ತಗಿರಿ ಪತ್ರ ಈಗ ಸುರಕ್ಷಾ ಸಂಹಿತೆಯ 36ನೆಯ ಕಲಮಿನಲ್ಲಿದೆ. ದಸ್ತಗಿರಿಯಾದ ದಿನಾಂಕ ಮತ್ತು ಸಮಯವನ್ನು ಬರೆದು, ಮನೆಯವರೊಬ್ಬರ ಅಥವಾ ಆ ಊರಿನ ಗೌರವಾನ್ವಿತರೊಬ್ಬರ ಸಾಕ್ಷಿ ಸಹಿ ಹಾಕಿಸಿ, ಕೆಳಗೆ ದಸ್ತಗಿರಿಯಾದವನ ಸಹಿಯನ್ನೂ ಪಡೆಯಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಹಿಡಿದು ರಾತ್ರಿ ಎಂಟೆಂದು ಬರೆದರೆ ಆ ಎಂಟು ಗಂಟೆಗಳು ಕಾನೂನಿನ ಲೆಕ್ಕದಿಂದಲೇ ಮಾಯವಾಗುತ್ತವೆ, ಹೊಡೆತ ಬೀಳುವುದೂ ಬಹುಮಟ್ಟಿಗೆ ಇಂಥ ಲೆಕ್ಕಕ್ಕೆ ಸಿಗದ ಗಂಟೆಗಳಲ್ಲೇ. ಆದ್ದರಿಂದ ಓದದೆ ಸಹಿ ಹಾಕಬಾರದು, ಖಾಲಿ ಹಾಳೆಗಂತೂ ಹಾಕಲೇಬಾರದು. ಸಮಯ ತಪ್ಪಿದ್ದರೆ ಸರಿಯಾದದ್ದನ್ನು ಸಹಿಯ ಪಕ್ಕದಲ್ಲಿ ಬರೆಯುವಂತೆ ಕೇಳಬೇಕು, ಬರೆಯಗೊಡದಿದ್ದರೆ ದಂಡಾಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳಬೇಕು. ದಸ್ತಗಿರಿಯ ಕಾರಣಗಳನ್ನು ಬರಹದಲ್ಲಿ, ಅದೂ ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಕನ್ನಡ, ಕೊಂಕಣಿ, ನವಾಯತಿ, ಉರ್ದು ಬೆರೆತ ಈ ಕರಾವಳಿಯಲ್ಲಿ ಅದು ಸಣ್ಣ ಮಾತಲ್ಲ. ಮಹಿಳೆಯ ಮೈ ಶೋಧವನ್ನು ಮಹಿಳೆಯೇ ಮರ್ಯಾದೆಗೆ ಚ್ಯುತಿ ಬಾರದಂತೆ ಮಾಡಬೇಕು, ಅಸಾಧಾರಣ ಕಾರಣ ಮತ್ತು ದಂಡಾಧಿಕಾರಿಯ ಅನುಮತಿ ಇಲ್ಲದೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಅವಳನ್ನು ದಸ್ತಗಿರಿ ಮಾಡುವಂತಿಲ್ಲ. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕೂ ಇದೆ.

ವಕೀಲರಿಗೆ ಕೊಡಲು ಹಣವಿಲ್ಲವೆಂಬ ಚಿಂತೆಗೂ ಪರಿಹಾರವಿದೆ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಹಾಗೂ ಬಂಧನದಲ್ಲಿರುವ ಯಾರೇ ಆದರೂ ಉಚಿತ ನೆರವಿಗೆ ಅರ್ಹರು. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಕರೆ ಮಾಡಬಹುದು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನು ಬರೆದು ಅಂಚೆಯಲ್ಲಿ ಕಾರವಾರದ ಪೊಲೀಸ್ ಸೂಪರಿಂಟೆಂಡೆಂಟರಿಗೆ ಕಳಿಸಿ, ಅಲ್ಲೂ ಆಗದಿದ್ದರೆ ದಂಡಾಧಿಕಾರಿಗೆ ಅರ್ಜಿ ಸಲ್ಲಿಸಬಹುದು. ರಾಜ್ಯ ಮಾನವ ಹಕ್ಕುಗಳ ಆಯೋಗ ಮತ್ತು ಪೊಲೀಸ್ ದೂರು ಪ್ರಾಧಿಕಾರಗಳ ದಾರಿಯೂ ಇದೆ. ದಸ್ತಗಿರಿಯನ್ನು ದಾಖಲಿಸದೆ ಯಾರನ್ನಾದರೂ ಇಟ್ಟುಕೊಂಡಿದ್ದರೆ ಉತ್ತರ ಕನ್ನಡದವರು ಹೈಕೋರ್ಟಿನ ಧಾರವಾಡ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧಿತನನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿರೆಂಬ ಅರ್ಜಿ ಹಾಕಬಹುದು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಸುಪ್ರೀಂ ಕೋರ್ಟು ಈ ಬಾಗಿಲನ್ನೇ ಮುಚ್ಚಿತ್ತು. ತುರ್ತುಪರಿಸ್ಥಿತಿಯಲ್ಲೂ 20 ಮತ್ತು 21ನೆಯ ವಿಧಿಗಳ ರಕ್ಷಣೆಯನ್ನು ತಡೆಹಿಡಿಯುವಂತಿಲ್ಲವೆಂದು 1978ರ 44ನೆಯ ತಿದ್ದುಪಡಿ ಅದನ್ನು ಮತ್ತೆ ತೆರೆಯಿತು. ಅಕ್ರಮ ಬಂಧನಕ್ಕೆ ಸರ್ಕಾರವೇ ಹಣ ತೆರಬೇಕೆಂಬುದು 1983ರ ರುದುಲ್ ಸಾಹ ಪ್ರಕರಣದಿಂದ ನೆಲೆಗೊಂಡಿದೆ. ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲಿ ಕೊಳೆತ ಆ ಬಿಹಾರಿಗೆ ಅಂದು ಸಿಕ್ಕ ಮಧ್ಯಂತರ ಪರಿಹಾರ 35,000 ರೂಪಾಯಿ.